ಕ್ರಿಕೆಟ್ ಹುಳದ ಬಣ್ಣ ಏನು ಹೇಳುತ್ತದೆ?

ಮಕ್ಕಳೇ. ಮಕ್ಕಳೇ ಎಂದೆ, ಕೋಪ ಬೇಡ. ನಿಮ್ಮಲ್ಲಿ ಕೆಲವರಿಗೆ ಗಡ್ಡ ಬಂದಿದೆ, ಕೆಲವರು ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತೀರಿ. ಆದರೂ ಶನಿವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ಕಲಿಸಿದ ಆಂಟಿಗೆ ಅಷ್ಟು ಸಲಿಗೆ ಇರಲಿ.

ಇವತ್ತಿನ ಮಾತು ಕ್ರಿಕೆಟ್ ಬಗ್ಗೆ. ರೇಡಿಯೋ ಮುಂದೆ ಕೂತಿರುವ ಅಪ್ಪಂದಿರು ಕಿವಿ ನಿಮಿರಿಸಬೇಡಿ, ಇದು ಬ್ಯಾಟು ಬಾಲಿನ ಕ್ರಿಕೆಟ್ ಅಲ್ಲ. ಹುಳದ ಕ್ರಿಕೆಟ್. ಪೆಟ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಹಾಕಿ ಕೊಡುತ್ತಾರಲ್ಲ, ಅದು.

ಟೊರಾಂಟೊ ಸುತ್ತಿನ ನಮ್ಮ ಕನ್ನಡದ ಮನೆಗಳಲ್ಲಿ, ಬ್ರಾಂಪ್ಟನ್ ಆಗಲಿ ಮಿಸಿಸಾಗಾ ಆಗಲಿ ಮಿಲ್ಟನ್ ಆಗಲಿ, ನಾಯಿಗೆ ಸಿಗದ ಒಪ್ಪಿಗೆ ಗಾಜಿನ ಟ್ಯಾಂಕಿನ ಲೆಪರ್ಡ್ ಗೆಕ್ಕೊಗೋ ಬಿಯರ್ಡೆಡ್ ಡ್ರ್ಯಾಗನ್‌ಗೋ ಸಿಗುವುದುಂಟು. ಕೂದಲು ಉದುರುವುದಿಲ್ಲ, ಬೊಗಳುವುದಿಲ್ಲ, ಜನವರಿಯ ಚಳಿಯಲ್ಲಿ ಹೊರಗೆ ಓಡಾಡಿಸಬೇಕಿಲ್ಲ. ಅಮ್ಮ ಹೂಂ ಎನ್ನುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅದಕ್ಕೆ ವಾರವಾರವೂ ಜೀವಂತ ಹುಳ ತರಬೇಕು ಎಂದು. ನಮ್ಮ ಮನೆಯಲ್ಲೂ ಹೀಗೇ ಆಯಿತು. ಮಗಳು ತನ್ನ ಗೆಕ್ಕೊಗೆ ಬೆಲ್ಲ ಎಂದು ಹೆಸರಿಟ್ಟಳು. ಬೆಲ್ಲನ ಊಟದ ಡಬ್ಬಿ ನನ್ನ ಲಾಂಡ್ರಿ ಕೋಣೆಗೆ ಬಂತು.

ನಮ್ಮ ಮನೆಯಲ್ಲಿ ಗೆಕ್ಕೊ ಇದೆ ಎಂದು ತಿಳಿದ ಮೇಲೆ ನಿಮ್ಮಲ್ಲೇ ಮೂರು ನಾಲ್ಕು ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ. "ಆಂಟಿ, ಹೋದ ವಾರದ ಕ್ರಿಕೆಟ್ ಗೋಧಿ ಬಣ್ಣ ಇತ್ತು. ಈ ವಾರದ್ದು ಕಪ್ಪಗಿದೆ. ಅದರಲ್ಲಿ ಒಂದು ಬೆಳ್ಳಗಿದೆ. ಕೊಡಬಹುದಾ?"

ಒಳ್ಳೆಯ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಕೊಡಬಹುದು. ಆದರೆ ಯಾಕೆ ಕೊಡಬಹುದು, ಯಾವಾಗ ಕೊಡಬಾರದು ಎಂದು ತಿಳಿಯಬೇಕಾದರೆ ಬಣ್ಣವನ್ನು ಓದುವುದು ಕಲಿಯಬೇಕು. ಅಂಗಡಿಯಲ್ಲಿ ಬೆಲ್ಲ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ. ಹೊಳೆಯುವ ಹಳದಿ ಬೆಲ್ಲ ಕಣ್ಣಿಗೆ ಚೆಂದ. ಆದರೆ ರಾಸಾಯನಿಕ ಹಾಕಿ ಬಿಳಿಚಿಸಿದರೂ ಆ ಬಣ್ಣ ಬರುತ್ತದೆ ಎಂದು ಗೊತ್ತಿರುವ ಅಜ್ಜಿ ಕಪ್ಪು ಬೆಲ್ಲದ ಅಚ್ಚನ್ನೇ ಕೈಗೆತ್ತಿಕೊಳ್ಳುತ್ತಾಳೆ. ಬಣ್ಣ ಸುಳ್ಳು ಹೇಳಲಿಲ್ಲ. ಯಾವ ಪ್ರಶ್ನೆಗೆ ಅದು ಉತ್ತರ ಎಂದು ಅಜ್ಜಿಗೆ ಗೊತ್ತಿತ್ತು, ಅಷ್ಟೇ. ಕ್ರಿಕೆಟ್‌ನ ಬಣ್ಣವೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಇದು ಯಾವ ಜಾತಿ? ವಯಸ್ಸೇನು? ಎಂಥ ಜಾಗದಲ್ಲಿ ಬೆಳೆಯಿತು? ಕಾಯಿಲೆ ಇದೆಯೇ? ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಎಡವಟ್ಟಾಗುತ್ತದೆ.

ಅದಕ್ಕೆ ಮುಂಚೆ ಹೆಸರಿನ ವಿಷಯ. ಕನ್ನಡ ಎಂ.ಎ. ಮಾಡಿದವಳು ಇದನ್ನು ಬಿಟ್ಟು ಮುಂದೆ ಹೋಗಲಾರೆ. ನಿಮ್ಮ ಅಜ್ಜಿಯನ್ನು ಕೇಳಿದರೆ ಜೀರುಂಡೆ ಎನ್ನಬಹುದು. ಆದರೆ ಮಲೆನಾಡಿನಲ್ಲಿ ಮರದ ಮೇಲೆ ಕೂತು ಕಿವಿ ಕಿವುಡಾಗುವಂತೆ ಕೂಗುವ ಸಿಕಾಡಕ್ಕೂ ಜೀರುಂಡೆ ಎನ್ನುತ್ತಾರೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಗಟ್ಟಿ ರೆಕ್ಕೆಯ ಬೀಟಲ್‌ಗೂ ಅದೇ ಹೆಸರು. ನಿಘಂಟು ತೆಗೆದರೆ ಚಿಮ್ಮಂಡೆ ಎಂಬ ಹಳೆಯ ಪದ ಸಿಗುತ್ತದೆ. ಚಿಮ್ಮುವುದು ಎಂಬ ಮಾತು ಅದರೊಳಗೇ ಕೇಳಿಸುತ್ತದೆ. ಡಬ್ಬಿಯ ಮುಚ್ಚಳ ತೆಗೆದ ಯಾರಿಗಾದರೂ ಆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ಇವತ್ತು ಗೊಂದಲ ಬೇಡವೆಂದು ನಾನು ಕ್ರಿಕೆಟ್ ಎಂದೇ ಹೇಳುತ್ತೇನೆ. ಚಿಮ್ಮಂಡೆಯನ್ನು ನೀವು ಮನೆಯಲ್ಲಿ ಬಳಸಿ ನೋಡಿ, ಅಪ್ಪ ಅಮ್ಮನಿಗೇ ಗೊತ್ತಿರಲಿಕ್ಕಿಲ್ಲ.

ಈಗ ಮೊದಲ ಪ್ರಶ್ನೆ, ಜಾತಿ. ಅಂಗಡಿಯ ಡಬ್ಬಿಯಲ್ಲಿ ಹೆಚ್ಚಾಗಿ ಬರುವುದು ಎರಡು ಮೂರು ಜಾತಿ. ಗೋಧಿ ಬಣ್ಣದ, ತಲೆಯ ಮೇಲೆ ಕಂದು ಅಡ್ಡಪಟ್ಟೆ ಇರುವ ಹುಳ ಮನೆ ಕ್ರಿಕೆಟ್. ವಿಜ್ಞಾನಿಗಳು ಅದನ್ನು ಅಕೀಟಾ ಡೊಮೆಸ್ಟಿಕಸ್ ಎನ್ನುತ್ತಾರೆ. ಅದಕ್ಕಿಂತ ಚಿಕ್ಕದು, ಮೈಮೇಲೆ ಎರಡು ಕಪ್ಪು ಅಡ್ಡಪಟ್ಟಿ ಇರುವುದು, ಸರಸರ ಓಡುವುದು ಪಟ್ಟೆ ಕ್ರಿಕೆಟ್, ಗ್ರಿಲ್ಲೋಡಿಸ್ ಸಿಜಿಲಾಟಸ್. ಇದರಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲದಂತೆ ಕಾಣುತ್ತದೆ, ಗಂಡಿನ ರೆಕ್ಕೆಯೂ ಗಿಡ್ಡ. ಇಂಗ್ಲಿಷಿನಲ್ಲಿ ಇದಕ್ಕೆ ಇಂಡಿಯನ್ ಹೌಸ್ ಕ್ರಿಕೆಟ್ ಎಂಬ ಹೆಸರೂ ಇದೆ. ನಿಮ್ಮ ಅಜ್ಜಿಯ ಊರಿನ ಬಚ್ಚಲುಮನೆಯಲ್ಲಿ, ನೀರಿನ ಹಂಡೆಯ ಒಲೆ ಹಿಂದೆ ರಾತ್ರಿಯಿಡೀ ಕಿರ್ ಎನ್ನುತ್ತಿದ್ದುದು ಇದೇ ಇರಬಹುದು. ಮೂರನೆಯದು ದಪ್ಪಗೆ, ಕಾಡಿಗೆಯಂತೆ ಕಪ್ಪಗೆ ಇರುವ ಗ್ರಿಲ್ಲಸ್ ಜಾತಿಯವು. ಅದರಲ್ಲಿ ಒಂದಕ್ಕೆ ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ ಇರುತ್ತವೆ. ಅದರಿಂದಲೇ ಗ್ರಿಲ್ಲಸ್ ಬೈಮ್ಯಾಕ್ಯುಲಾಟಸ್, ಎರಡು ಚುಕ್ಕೆಯದು, ಎಂಬ ಹೆಸರು ಬಂದಿದೆ. ಅದು ಭಾರತದ ಹೊಲಗಳಲ್ಲೂ ಇದೆ.

ಹಾಗಾದರೆ ಹೋದ ವಾರ ಗೋಧಿ ಬಣ್ಣ, ಈ ವಾರ ಕಪ್ಪು ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಹುಳ ಕೆಟ್ಟಿದೆ ಎಂದಲ್ಲ. ಅಂಗಡಿಯವರು ಬೇರೆ ಜಾತಿ ತರಿಸಿರಬಹುದು. ಕೇಳಿ, ಹೇಳುತ್ತಾರೆ. ಜಾತಿ ಬದಲಾದರೆ ನಿಮ್ಮ ಕಡೆಯಿಂದ ಆಗಬೇಕಾದ ಕೆಲಸ ಒಂದೇ, ಗಾತ್ರ ನೋಡುವುದು. ಸಾಕಣೆದಾರರ ಹಳೆಯ ನಿಯಮ ನಿಮಗೆ ಗೊತ್ತಿದೆ. ಪ್ರಾಣಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದು. ಗ್ರಿಲ್ಲಸ್ ಬೆಳೆದರೆ ದೊಡ್ಡದು, ದವಡೆಯೂ ಗಟ್ಟಿ. ಟ್ಯಾಂಕಿನಲ್ಲಿ ತಿನ್ನದೆ ಉಳಿದ ಹುಳ ಮಲಗಿದ ಗೆಕ್ಕೊವನ್ನು ಕಚ್ಚುವುದುಂಟು. ಆದ್ದರಿಂದ ಲೆಕ್ಕ ಇಟ್ಟು ಕೊಡಿ, ಉಳಿದದ್ದನ್ನು ಹಿಡಿದು ತೆಗೆಯಿರಿ.

ಅಂಗಡಿಗಳಲ್ಲಿ ಜಾತಿ ಯಾಕೆ ಬದಲಾಯಿತು ಎಂಬುದಕ್ಕೆ ಒಂದು ಕಥೆ ಇದೆ. 2009ರಲ್ಲಿ ಉತ್ತರ ಅಮೆರಿಕದ ಕ್ರಿಕೆಟ್ ಫಾರಂಗಳಲ್ಲಿ ಹುಳಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಹೊಟ್ಟೆಯೊಳಗೆ ನೀರು ನೀರು, ಮೈಯಲ್ಲಿ ಶಕ್ತಿ ಇಲ್ಲ, ಅಂಗಾತ ಬಿದ್ದು ಸಾವು. ಕೆಲವು ಫಾರಂಗಳು ಬಾಗಿಲು ಹಾಕಿದವು. ಇದಕ್ಕೆ ಕಾರಣ ಡೆನ್ಸೊವೈರಸ್ ಎಂಬ ವೈರಸ್ಸು. ಯೂರೋಪಿನಲ್ಲಿ 1970ರ ದಶಕದಿಂದಲೇ ಗೊತ್ತಿದ್ದದ್ದು. ಇಲ್ಲಿಗೆ ಬಂದ ವೈರಸ್ಸೂ ಅದೇ ಬಳಗದ್ದು ಎಂದು ತೋರಿಸಿದವರಲ್ಲಿ ನಮ್ಮ ಪಕ್ಕದ ಕ್ವಿಬೆಕ್‌ನ ಲಾವಾಲ್‌ನ ಸಂಶೋಧಕರಿದ್ದರು. ಅವರ ವರದಿ 2011ರಲ್ಲಿ ಪ್ರಕಟವಾಯಿತು. ಈ ವೈರಸ್ಸಿಗೆ ಸುಲಭದ ತುತ್ತು ಆ ಗೋಧಿ ಬಣ್ಣದ ಮನೆ ಕ್ರಿಕೆಟ್. ಬೇರೆ ಕೆಲವು ಜಾತಿಗಳು ತಡೆದುಕೊಂಡವು. ಸರಿ, ಹಲವು ಸಾಕಣೆದಾರರು ಪಟ್ಟೆ ಕ್ರಿಕೆಟ್ ಕಡೆಗೆ, ಕಪ್ಪು ಕ್ರಿಕೆಟ್ ಕಡೆಗೆ ತಿರುಗಿದರು. ನಿಮ್ಮ ಡಬ್ಬಿಯೊಳಗಿನ ಬಣ್ಣ ಬದಲಾವಣೆಯ ಹಿಂದೆ ಒಂದು ಸಾಂಕ್ರಾಮಿಕದ ಚರಿತ್ರೆ ಇದೆ ನೋಡಿ. ಡೆನ್ಸೊವೈರಸ್ ಗೆಕ್ಕೊಗಾಗಲೀ ನಮಗಾಗಲೀ ತಗಲುವುದಿಲ್ಲ. ಆದರೆ ಕಾಯಿಲೆಯ ಹುಳ ಸೊರಗಿದ ಹುಳ, ಅದರಲ್ಲಿ ಪೋಷಣೆ ಕಡಿಮೆ.

ಜಾತಿಯ ವಿಷಯ ಮುಗಿಸುವ ಮುಂಚೆ ಒಂದು ಎಚ್ಚರಿಕೆ. ಬಣ್ಣ ಒಂದೇ ಇದ್ದರೆ ಜಾತಿ ಒಂದೇ ಎಂದೂ ಅಲ್ಲ. ನಮ್ಮ ಒಂಟಾರಿಯೋದ ಹುಲ್ಲಿನಲ್ಲಿ ಎರಡು ಕಪ್ಪು ಕ್ರಿಕೆಟ್‌ಗಳಿವೆ. ಒಂದು ಮೇ, ಜೂನ್ ತಿಂಗಳಲ್ಲಿ ಹಾಡುತ್ತದೆ. ಇನ್ನೊಂದು ಬೇಸಿಗೆಯ ಕೊನೆಗೆ ಶುರುಮಾಡಿ ಇಬ್ಬನಿ ಹೆಪ್ಪುಗಟ್ಟುವ ತನಕ ಹಾಡುತ್ತದೆ. ನೋಡಲು ಅವಳಿ ಜವಳಿ. ಮೊದಲನೆಯದು ಮರಿಯಾಗಿ ಚಳಿಗಾಲ ಕಳೆಯುತ್ತದೆ, ಎರಡನೆಯದು ಮೊಟ್ಟೆಯಾಗಿ. ಅವು ಬೇರೆ ಬೇರೆ ಜಾತಿ ಎಂದು ಅಲೆಕ್ಸಾಂಡರ್ ಮತ್ತು ಬಿಗೆಲೊ ಎಂಬ ಇಬ್ಬರು ವಿಜ್ಞಾನಿಗಳು 1960ರಲ್ಲಿ ತೋರಿಸಿದರು. ಬಿಗೆಲೊ ಆಗ ಇದ್ದದ್ದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ.

ಎರಡನೆಯ ಪ್ರಶ್ನೆ, ವಯಸ್ಸು. ಡಬ್ಬಿಯಲ್ಲಿ ಒಂದೇ ಒಂದು ಬೆಳ್ಳಗೆ, ಮೇಣದ ಗೊಂಬೆಯಂತೆ ಕಂಡರೆ ಗಾಬರಿ ಬೇಡ. ಅದು ರೋಗವೂ ಅಲ್ಲ, ಅಪರೂಪದ ತಳಿಯೂ ಅಲ್ಲ. ಆಗಷ್ಟೇ ಪೊರೆ ಕಳಚಿದ ಹುಳ. ಹಾವಿನಂತೆಯೇ ಕ್ರಿಕೆಟ್ ಕೂಡ ಬೆಳೆಯುತ್ತಾ ಪೊರೆ ಬಿಡುತ್ತದೆ, ದೊಡ್ಡದಾಗುವಷ್ಟರಲ್ಲಿ ಸುಮಾರು ಎಂಟು ಹತ್ತು ಸಲ. ಹೊಸ ಮೈ ಮೆತ್ತಗೆ, ಬೆಳ್ಳಗೆ ಇರುತ್ತದೆ. ಕೆಲವು ಗಂಟೆಗಳಲ್ಲಿ ಗಟ್ಟಿಯಾಗಿ ಬಣ್ಣ ಏರುತ್ತದೆ.

ಇದು ಹೇಗೆ ಎಂದು ನಿಮಗೆ ಅಡುಗೆಮನೆಯಲ್ಲೇ ತೋರಿಸಬಲ್ಲೆ. ವಾಂಗೀಬಾತಿಗೆ ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಏನಾಗುತ್ತದೆ? ಕಪ್ಪಾಗುತ್ತದೆ. ಅದಕ್ಕೇ ಅಮ್ಮ ನೀರಿನಲ್ಲಿ ಹಾಕಿಡುವುದು. ಗಾಳಿಯ ಆಮ್ಲಜನಕ ಸೇರಿದಾಗ ಬದನೆಯೊಳಗಿನ ಫೀನಾಲ್ ಎಂಬ ಪದಾರ್ಥಗಳನ್ನು ಒಂದು ಕಿಣ್ವ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಹುಳದ ಮೈಯಲ್ಲಿ ಕೆಲಸ ಮಾಡುವುದೂ ಇದೇ ಬಳಗದ ಕಿಣ್ವಗಳು. ಹೊಸ ಕವಚವನ್ನು ಗಟ್ಟಿ ಮಾಡುವಾಗ ಬಣ್ಣವೂ ಬರುತ್ತದೆ. ಗಾಯವಾದರೆ ಆ ಜಾಗವನ್ನು ಮುಚ್ಚುವಾಗಲೂ ಕಪ್ಪು ಕಲೆ ಬರುತ್ತದೆ. ಆದ್ದರಿಂದ ಕಾಲಿನ ಮೇಲೋ ಬೆನ್ನಿನ ಮೇಲೋ ಒಂದು ಸಣ್ಣ ಕಪ್ಪು ಚುಕ್ಕೆ ಕಂಡರೆ ಅದು ಹಳೆಯ ಗಾಯದ ಗುರುತಿರಬಹುದು. ಇಕ್ಕಟ್ಟಿನ ಡಬ್ಬಿಯಲ್ಲಿ ಅವು ಒಂದನ್ನೊಂದು ಕಚ್ಚುತ್ತವೆ.

ಬಿಳಿ ಹುಳ ಕೊಟ್ಟರೆ ಹೆಚ್ಚು ಪುಷ್ಟಿ ಎಂದು ಹೇಳುವವರಿದ್ದಾರೆ. ಮೆತ್ತಗಿರುತ್ತದೆ, ಅಗಿಯಲು ಸುಲಭ, ಅಷ್ಟೇ. ಸಂಜೆಯ ಹೊತ್ತಿಗೆ ಅದೇ ಹುಳ ಪಕ್ಕದ ಹುಳದ ಬಣ್ಣಕ್ಕೇ ಬಂದಿರುತ್ತದೆ.

ವಯಸ್ಸಿನ ಜೊತೆ ಬಣ್ಣ ಬದಲಾಗುವುದು ಹುಳಕ್ಕೆ ಮಾತ್ರವಲ್ಲ. ಒಂಟಾರಿಯೋದ ಕಾಡಿನಲ್ಲಿ ಸಹಜವಾಗಿ ಇರುವ ಹಲ್ಲಿ ಜಾತಿ ಒಂದೇ ಒಂದು, ಐದು ಗೆರೆಯ ಸ್ಕಿಂಕ್. ಮರಿಯಾಗಿದ್ದಾಗ ಅದರ ಬಾಲ ನವಿಲಿನ ಕತ್ತಿನಂತೆ ನೀಲಿ. ವಯಸ್ಸಾದಂತೆ ನೀಲಿ ಮಾಸುತ್ತದೆ. ಕೆಲವು ಕಡೆ ಅಳಿವಿನ ಅಂಚಿಗೆ ಬಂದ ಪ್ರಾಣಿ ಅದು. ಕ್ಯಾಂಪಿಂಗ್ ಹೋದಾಗ ಕಂಡರೆ ಕಣ್ತುಂಬ ನೋಡಿ, ಮುಟ್ಟಬೇಡಿ, ಮನೆಗಂತೂ ತರಬೇಡಿ.

ಮೂರನೆಯ ಪ್ರಶ್ನೆ, ಬೆಳೆದ ಜಾಗ. ಒಂದೇ ಜಾತಿ, ಒಂದೇ ವಯಸ್ಸು, ಆದರೂ ಒಂದು ಡಬ್ಬಿಯವು ತುಸು ಗಾಢ, ಇನ್ನೊಂದರವು ತುಸು ತಿಳಿ. ಶಾಖ, ತೇವ, ಆಹಾರ, ಗುಂಪಿನ ಇಕ್ಕಟ್ಟು, ಎಲ್ಲವೂ ಕೀಟಗಳ ಬಣ್ಣದ ಮೇಲೆ ಕೈಯಾಡಿಸುತ್ತವೆ. ತಂಪಿನಲ್ಲಿ ಬೆಳೆದಾಗ ಎಷ್ಟೋ ಕೀಟಗಳ ಮೈ ಗಾಢವಾಗುತ್ತದೆ. ಗುಂಪಿನ ಪ್ರಭಾವಕ್ಕೆ ದೊಡ್ಡ ಉದಾಹರಣೆ ಕ್ರಿಕೆಟ್‌ನ ದೂರದ ನೆಂಟ, ಮರುಭೂಮಿ ಮಿಡತೆ. ಒಂಟಿಯಾಗಿ ಬೆಳೆದ ಮರಿ ಹಸಿರೋ ಮಣ್ಣಿನ ಬಣ್ಣವೋ ಇರುತ್ತದೆ. ಗುಂಪಿನಲ್ಲಿ ಬೆಳೆದರೆ ಹಳದಿಯ ಮೇಲೆ ಕಪ್ಪು. ಮಿಡತೆಗಳ ಇಂಥ ಎರಡು ರೂಪಗಳು ಒಂದೇ ಜಾತಿ ಎಂಬ ವಿಚಾರವನ್ನು ಉವಾರೊವ್ ಎಂಬ ವಿಜ್ಞಾನಿ 1921ರಲ್ಲಿ ಮುಂದಿಟ್ಟರು. 2020ರಲ್ಲಿ ಜೈಪುರದ ಮೇಲೆ ಮಿಡತೆಯ ಹಿಂಡು ಬಂದ ವಿಡಿಯೋ ನೋಡಿದ್ದೀರಲ್ಲ? ಆಗ ನಮ್ಮ ಬೀದರ್, ಕಲಬುರಗಿ ಕಡೆಯ ರೈತರಿಗೂ ಎಚ್ಚರಿಕೆ ಕೊಟ್ಟಿದ್ದರು. ಹಿಂಡಿನಲ್ಲಿ ಗುಲಾಬಿ ಬಣ್ಣದವು ಎಳೆಯವು, ಹಳದಿಯವು ಮೊಟ್ಟೆಯಿಡುವ ವಯಸ್ಸಿಗೆ ಬಂದವು. ಬಣ್ಣ ನೋಡಿಯೇ ಮುಂದಿನ ಅಪಾಯವನ್ನು ಅಂದಾಜು ಮಾಡುವವರಿದ್ದಾರೆ.

ನಿಮ್ಮ ಡಬ್ಬಿಗೆ ಬಂದರೆ ಇದರ ಅರ್ಥ ಇಷ್ಟು. ಬಣ್ಣ ತುಸು ಗಾಢ, ತುಸು ತಿಳಿ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹುಳ ಚುರುಕಾಗಿದೆಯೇ ನೋಡಿ. ಡಬ್ಬಿಯನ್ನು ಮೆಲ್ಲಗೆ ತಟ್ಟಿದರೆ ಓಡಬೇಕು. ಇಲ್ಲಿನ ಜನವರಿಯಲ್ಲಿ ಇನ್ನೊಂದು ವಿಷಯ ನೆನಪಿರಲಿ. ಅಂಗಡಿಯಿಂದ ಕಾರಿಗೆ ಬರುವಷ್ಟರಲ್ಲಿ ಹುಳ ಸತ್ತಂತೆ ಮರಗಟ್ಟಬಹುದು. ತಕ್ಷಣ ಎಸೆಯಬೇಡಿ. ಮನೆಯ ಶಾಖದಲ್ಲಿ ಸ್ವಲ್ಪ ಹೊತ್ತಿಡಿ, ಕೆಲವು ಎದ್ದು ಓಡಾಡುತ್ತವೆ. ಕಾರಿನಲ್ಲೇ ಮರೆತು ಬಿಟ್ಟರೆ ಮಾತ್ರ ಏಳುವುದಿಲ್ಲ.

ನಾಲ್ಕನೆಯ ಪ್ರಶ್ನೆ, ಕಾಯಿಲೆ. ನಿಜವಾಗಿ ಕಣ್ಣಿಟ್ಟು ನೋಡಬೇಕಾದ ಬಣ್ಣ ಇಲ್ಲಿದೆ. ಸತ್ತ ಹುಳ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ನಾರುತ್ತದೆ. ಅದು ಗ್ರಿಲ್ಲಸ್‌ನ ಹೊಳೆಯುವ ಕಪ್ಪಲ್ಲ, ಕೊಳೆತ ಬಾಳೆಹಣ್ಣಿನ ಮಂಕು ಕಪ್ಪು. ದಿನಾ ಆರಿಸಿ ತೆಗೆಯಿರಿ. ಒಂದೆರಡು ಸಾಯುವುದು ಸಹಜ. ಅರ್ಧ ಡಬ್ಬಿ ಅಂಗಾತ ಬಿದ್ದಿದ್ದರೆ ಇಡೀ ಡಬ್ಬಿಯನ್ನೇ ಕೊಡಬೇಡಿ. ಇನ್ನೊಂದು, ಹೊಟ್ಟೆ ಊದಿಕೊಂಡು, ಚರ್ಮದ ಒಳಗಿನಿಂದ ನೀಲಿ ಹೊಳಪು ಕಾಣುವ ಹುಳ. ಅದು ಇರಿಡೊವೈರಸ್ ಎಂಬ ಬೇರೆ ವೈರಸ್ಸಿನ ಲಕ್ಷಣ. ಡೆನ್ಸೊವೈರಸ್‌ನಂತೆ ಇದನ್ನು ಹಗುರವಾಗಿ ಬಿಡಲಾಗುವುದಿಲ್ಲ. ಕೀಟಗಳ ಇರಿಡೊವೈರಸ್ ಬಿಯರ್ಡೆಡ್ ಡ್ರ್ಯಾಗನ್, ಗೋಸುಂಬೆಗಳಲ್ಲೂ ಸಿಕ್ಕಿದೆ. ತಿಂದ ಹುಳದಿಂದಲೇ ಬಂದಿರಬೇಕು ಎಂಬುದು ಸಂಶೋಧಕರ ಅನುಮಾನ. ಅಂಥ ಹುಳ ಕಂಡರೆ ಡಬ್ಬಿಯನ್ನು ಕಟ್ಟಿ ಎಸೆಯಿರಿ, ಪಾತ್ರೆ ತೊಳೆಯಿರಿ, ಅಂಗಡಿಯವರಿಗೆ ತಿಳಿಸಿ.

ಇಲ್ಲಿಯವರೆಗೆ ಬಣ್ಣ ಹೇಳುವ ಮಾತು. ಇನ್ನು ಅದು ಹೇಳದೆ ಉಳಿಸುವ ಮಾತು. ಗೆಕ್ಕೊದ ಜೀವ ನಿಂತಿರುವುದು ಇದರ ಮೇಲೆ.

ಯಾವ ಬಣ್ಣದ್ದೇ ಇರಲಿ, ಕ್ರಿಕೆಟ್‌ನಲ್ಲಿ ಕ್ಯಾಲ್ಸಿಯಂ ಕಡಿಮೆ. ಒಂದು ಕಿಲೋ ಮನೆ ಕ್ರಿಕೆಟ್ ತೂಗಿದರೆ ಅದರಲ್ಲಿ ಸುಮಾರು 200 ಗ್ರಾಂ ಪ್ರೋಟೀನ್ ಇದೆ, ಸರಿ. ಆದರೆ ಕ್ಯಾಲ್ಸಿಯಂ ಅರ್ಧ ಗ್ರಾಮಿಗೂ ಕಡಿಮೆ, ರಂಜಕ ಹತ್ತಿರ ಹತ್ತಿರ 3 ಗ್ರಾಂ. ಅಂದರೆ ಒಂದಕ್ಕೆ ಏಳು. ನಿಮ್ಮ ಪ್ರಾಣಿಗೆ ಬೇಕಾದದ್ದು ಇದರ ತಿರುಗುಮುರುಗು. ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಒಂದೂವರೆ ಎರಡು ಪಾಲು. ಈ ಕೊರತೆ ತಿಂಗಳುಗಟ್ಟಲೆ ನಡೆದರೆ ಪ್ರಾಣಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಡ ತೆಗೆಯುತ್ತದೆ. ದವಡೆ ರಬ್ಬರಿನಂತಾಗುತ್ತದೆ, ಕಾಲು ಬಾಗುತ್ತದೆ, ಮೈ ನಡುಗುತ್ತದೆ. ಪಶುವೈದ್ಯರು ಇದನ್ನು ಮೆಟಬಾಲಿಕ್ ಬೋನ್ ಡಿಸೀಸ್ ಎನ್ನುತ್ತಾರೆ. ಸಾಕಿದ ಹಲ್ಲಿಗಳಲ್ಲಿ ತುಂಬಾ ಕಾಣುವ ಕಾಯಿಲೆ ಇದು. ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ. ಬೇಸರದ ವಿಷಯ ಏನೆಂದರೆ ಇದನ್ನು ತಡೆಯುವುದು ಬಹಳ ಸುಲಭ.

ಹೇಗೆ? ಹುಳವನ್ನು ಡಬ್ಬಿಯಿಂದ ನೇರವಾಗಿ ಟ್ಯಾಂಕಿಗೆ ಹಾಕಬೇಡಿ. ಮೊದಲು ಹುಳಕ್ಕೆ ಊಟ ಹಾಕಿ. ಒಂದು ದಿನ, ಎರಡು ದಿನ, ಕ್ಯಾಲ್ಸಿಯಂ ಸೇರಿಸಿದ ಹಿಟ್ಟು, ಸೊಪ್ಪು, ಗಜ್ಜರಿ, ಸಿಹಿಗೆಣಸು. ನೀರಿನ ಬಟ್ಟಲಿಟ್ಟರೆ ಮುಳುಗಿ ಸಾಯುತ್ತವೆ, ಗಜ್ಜರಿ ಚೂರೇ ನೀರಿಗೂ ಆಯಿತು. ಹುಳ ನಮ್ಮ ಪ್ರಾಣಿಯ ಹೊಟ್ಟೆಗೆ ಹೋಗುವ ಬುತ್ತಿ ಎಂದುಕೊಳ್ಳಿ. ಖಾಲಿ ಬುತ್ತಿ ಕಟ್ಟಿ ಯಾರು ಕಳಿಸುತ್ತಾರೆ? ಎಳೆಯ, ತಿಳಿ ಬಣ್ಣದ ಕ್ರಿಕೆಟ್‌ನಲ್ಲಿ ಗಜ್ಜರಿ ತಿಂದ ಹೊಟ್ಟೆ ಹೊರಗಿನಿಂದಲೇ ಕಾಣುವುದುಂಟು. ನೀವು ಹುಡುಕಬೇಕಾದ ಬಣ್ಣ ಅದು. ಕೊಡುವ ಹೊತ್ತಿಗೆ ಕ್ಯಾಲ್ಸಿಯಂ ಪುಡಿಯಲ್ಲಿ ಅವಲಕ್ಕಿಗೆ ಮಸಾಲೆ ಹಚ್ಚಿದಂತೆ ಹೊರಳಿಸಿ. ಡಿ3 ಎಷ್ಟು, ಯುವಿಬಿ ದೀಪ ಯಾವುದು ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಸರೀಸೃಪ ನೋಡುವ ಪಶುವೈದ್ಯರನ್ನು ಒಮ್ಮೆ ಕೇಳಿಬಿಡಿ.

ಹುಳ ತಿಂದದ್ದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸುಂದರ ಸಾಕ್ಷಿ ಇದೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಕೆಂಪು ಕಣ್ಣಿನ ಮರಗಪ್ಪೆಗಳಿಗೆ ಕ್ಯಾರೊಟಿನಾಯ್ಡ್ ಸೇರಿಸಿದ ಕ್ರಿಕೆಟ್ ಕೊಟ್ಟರು. ಗಜ್ಜರಿಗೆ ಕೇಸರಿ ಬಣ್ಣ ಕೊಡುವುದು ಇದೇ ಬಳಗದ ಪದಾರ್ಥ. ಆ ಕಪ್ಪೆಗಳ ಮೈಬಣ್ಣ ಹೆಚ್ಚು ಕೆಂಪಾಯಿತು, ಮೊಟ್ಟೆಯೂ ಹೆಚ್ಚು ಬಂತು. ಹುಳದ ಹೊರಗಿನ ಬಣ್ಣ ಹುಳದಲ್ಲೇ ಉಳಿಯಿತು. ಹುಳ ತಿಂದ ಬಣ್ಣ ಕಪ್ಪೆಯ ಮೈಗೆ ಬಂತು.

ಈಗ ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ, "ಹಾಗಾದರೆ ಹಿತ್ತಲಿನ ಕಪ್ಪು ಕ್ರಿಕೆಟ್ ಹಿಡಿದು ಕೊಡಬಹುದಲ್ಲಾ, ದುಡ್ಡೂ ಉಳಿಯುತ್ತೆ." ಬೇಡ. ತೋಟಕ್ಕೆ ಕೀಟನಾಶಕ ಸಿಂಪಡಿಸುವುದನ್ನು ಒಂಟಾರಿಯೋ 2009ರಲ್ಲೇ ಬಹುಮಟ್ಟಿಗೆ ನಿಷೇಧಿಸಿದೆ, ನಿಜ. ಆದರೂ ಆ ಹುಳ ಎಲ್ಲಿ ಏನು ತಿಂದು ಬಂದಿದೆ, ಯಾವ ಪರೋಪಜೀವಿ ಹೊತ್ತಿದೆ ಎಂದು ಬಣ್ಣ ನೋಡಿ ಹೇಳಲಾಗದು. ಅದಕ್ಕಿಂತ ದೊಡ್ಡ ಅಪಾಯ ಮಿಂಚುಹುಳು. ಜೂನ್, ಜುಲೈ ಸಂಜೆ ಹುಲ್ಲಿನ ಮೇಲೆ ಮಿಣುಕುತ್ತವಲ್ಲ, ಅವು. ಚಿಕ್ಕ ತಮ್ಮ ತಂಗಿಯರು ಹಿಡಿದು ಪ್ರೀತಿಯಿಂದ ಟ್ಯಾಂಕಿಗೆ ಹಾಕಿಬಿಡಬಹುದು. ಇಲ್ಲಿನ ಮಿಂಚುಹುಳುಗಳಲ್ಲಿ ನೆಲಗಪ್ಪೆಯ ವಿಷವನ್ನು ಹೋಲುವ ವಿಷವಿದೆ. ಒಂದೇ ಒಂದು ಹುಳ ಸಾಕು, ಬಿಯರ್ಡೆಡ್ ಡ್ರ್ಯಾಗನ್ ಬಾಯಿ ತೆರೆದು ತಲೆ ಕೊಡವುತ್ತದೆ, ಮೈ ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ವಿಜ್ಞಾನಿಗಳು 1999ರಲ್ಲೇ ಇದನ್ನು ವರದಿ ಮಾಡಿದ್ದಾರೆ. ಆಸ್ಟ್ರೇಲಿಯಾದಿಂದ ಬಂದ ಆ ಪ್ರಾಣಿಗೆ ಅಮೆರಿಕ ಖಂಡದ ಈ ಹುಳ ವಿಷ ಎಂದು ತಿಳಿಯುವ ಬಗೆ ಇಲ್ಲ. ತಿಳಿಯಬೇಕಾದವರು ನೀವು. ಹಾಗೆಯೇ, ಡಬ್ಬಿಯಲ್ಲಿ ಉಳಿದ ಹುಳವನ್ನು ಪಾಪ ಎಂದು ಹಿತ್ತಲಿಗೆ ಬಿಡಬೇಡಿ. ಬೇರೆ ಸೀಮೆಯ ಜಾತಿ, ಅದರ ಜೊತೆಗಿನ ವೈರಸ್ಸು, ಎರಡೂ ಇಲ್ಲಿನ ಹುಲ್ಲಿಗೆ ಹೊಸಬರು.

ಕೊನೆಗೆ ಮನೆಯ ಮಾತು. ನಮ್ಮದೂ ನಿಮ್ಮಲ್ಲಿ ಹಲವರದೂ ಸಸ್ಯಾಹಾರದ ಮನೆ. ಮೊಟ್ಟೆ ತಾರದ ಮನೆಗೆ ಜೀವಂತ ಹುಳ ಬಂದರೆ ಅಜ್ಜಿ ಮುಖ ಸಿಂಡರಿಸುವುದು ಸಹಜ. ಅವರೊಂದಿಗೆ ಜಗಳ ಬೇಡ. ಊರಿನ ಮನೆಯ ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಇದೇ ಅಜ್ಜಿ ನೆಲ ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದರು. ಆ ಹಲ್ಲಿ ಟ್ಯೂಬ್‌ಲೈಟ್ ಹಿಂದೆ ಕೂತು ಪತಂಗ, ಸೊಳ್ಳೆ, ಜೇಡ ಎಲ್ಲವನ್ನೂ ತಿನ್ನುತ್ತಿತ್ತು. ಅದರ ಊಟ ಅದೇ ಹುಡುಕಿಕೊಳ್ಳುತ್ತಿತ್ತು, ಬಿಸಿಲು ಬೇಕಾದರೆ ಕಿಟಕಿಗೆ ಹೋಗುತ್ತಿತ್ತು. ಟ್ಯಾಂಕಿನ ಗೆಕ್ಕೊಗೆ ಆ ಸ್ವಾತಂತ್ರ್ಯ ಇಲ್ಲ. ಅದರ ಬಿಸಿಲು ನೀವು ಹಾಕುವ ದೀಪ, ಅದರ ಲೋಕ ನೀವು ತರುವ ಡಬ್ಬಿ. ಸೊಪ್ಪು ತಿಂದು ಅದು ಬದುಕಲಾರದು. ಇದು ಒಪ್ಪಿಗೆಯಾಗದಿದ್ದರೆ ಪ್ರಾಣಿ ತರುವ ಮುಂಚೆಯೇ ಬೇಡ ಎನ್ನಿ, ಅದರಲ್ಲಿ ಅವಮಾನವಿಲ್ಲ. ತಂದ ಮೇಲೆ ಎರಡು ಜೀವದ ಹೊಣೆ ನಿಮ್ಮದು, ತಿನ್ನುವ ಜೀವದ್ದೂ ತುತ್ತಾಗುವ ಜೀವದ್ದೂ. ಕ್ರಿಕೆಟ್‌ಗೂ ತನ್ನ ಸರದಿ ಬರುವ ತನಕ ಊಟ, ನೀರು, ಬೆಚ್ಚನೆಯ ಜಾಗ, ಅಡಗಲು ಮೊಟ್ಟೆಯ ರಟ್ಟು ಸಿಗಲಿ. ಹುಳದ ಡಬ್ಬಿಯನ್ನಾಗಲೀ ಟ್ಯಾಂಕಿನ ಬಟ್ಟಲನ್ನಾಗಲೀ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಸಾಲ್ಮೊನೆಲ್ಲಾ ಬರುವ ದಾರಿ ಅದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅಜ್ಜಿಯ ಮಡಿಯೂ ಉಳಿಯಿತು, ಆರೋಗ್ಯವೂ ಉಳಿಯಿತು. ಕಿರ್ ಎನ್ನುವ ಸದ್ದಿನಿಂದ ಅಪ್ಪನ ನಿದ್ದೆ ಕೆಡುತ್ತಿದ್ದರೆ ಎಳೆಯ ಹುಳ ಕೊಳ್ಳಿ. ಹಾಡುವುದು ರೆಕ್ಕೆ ಬಂದ ಗಂಡು ಮಾತ್ರ.

ಇನ್ನೊಂದು ಲೆಕ್ಕ. ಚೆನ್ನಾಗಿ ಸಾಕಿದರೆ ಲೆಪರ್ಡ್ ಗೆಕ್ಕೊ 15, 20 ವರ್ಷ ಬದುಕುತ್ತದೆ. ನೀವು ವಾಟರ್ಲೂಗೋ ಕಿಂಗ್‌ಸ್ಟನ್‌ಗೋ ಓದಲು ಹೋದಾಗ ಅದು ಯಾರ ಪಾಲಿಗೆ ಬರುತ್ತದೆ ಎಂದು ನಿಮಗೂ ಗೊತ್ತು, ಅಮ್ಮನಿಗೂ ಗೊತ್ತು. ಹೊರಡುವ ಮುಂಚೆ ಈ ನಾಲ್ಕು ಪ್ರಶ್ನೆಗಳನ್ನು ಅಮ್ಮನಿಗೂ ಕಲಿಸಿ ಹೋಗಿ. ಸಾಧ್ಯವಾದರೆ ಕನ್ನಡದಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸಿ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ, ಕ್ಯಾಲ್ಸಿಯಂ ತಪ್ಪದಿರಲಿ.

ಮುಂದಿನ ಮಾತಿನಲ್ಲಿ ಸಿಗೋಣ.